ಸರದಿಯ ಮೇಲೆ ಬದುಕಿದ್ದ ನಮ್ಮ ಟಾಕೀಸು

ಬಡಾವಣೆಯ ಟಾಕೀಸು ಮುಚ್ಚಿತು ಅಂದ ಕೂಡಲೇ ಜನ ಟೀವಿಯ ಕಡೆ ಬೆರಳು ತೋರಿಸುತ್ತಾರೆ. ಈಗ ಮೊಬೈಲ್ ಕಡೆ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ದಾವಣಗೆರೆಯಲ್ಲಿ ಬಟ್ಟೆ ಮಿಲ್ಲಿನ ಹತ್ತಿರ ಇದ್ದ ನಮ್ಮ ಟಾಕೀಸು ಟೀವಿಯನ್ನೂ ತಡಕೊಂಡಿತ್ತು, ವಿಡಿಯೋ ಕ್ಯಾಸೆಟ್ಟನ್ನೂ ತಡಕೊಂಡಿತ್ತು. ಮಿಲ್ಲುಗಳೇ ಬಾಗಿಲು ಹಾಕಿದ ಮೇಲೂ ದಿನಕ್ಕೆ ಮೂರು ಆಟ ನಡೆಸುತ್ತಿತ್ತು. ಅದರ ಕೈಲಿ ತಡೆಯಲು ಆಗದೇ ಇದ್ದದ್ದು ಒಂದೇ. ಹೊಸ ಸಿನಿಮಾ ಬಿಡುಗಡೆಯ ದಿನವೇ ಎಲ್ಲ ಟಾಕೀಸಿಗೂ ಸಿಗುವಂತಾಯಿತಲ್ಲ, ಅದು.

ಇದೇನು, ಹೊಸ ಸಿನಿಮಾ ಬೇಗ ಸಿಕ್ಕರೆ ಒಳ್ಳೇದೇ ಅಲ್ವಾ ಅಂತ ಕೇಳಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ನಮ್ಮ ದೊಡ್ಡಪ್ಪ ಕೂರಿಸಿಕೊಂಡು ಲೆಕ್ಕ ಬಿಡಿಸಿ ಹೇಳಿದ ಮೇಲೆ ತಿಳಿಯಿತು. ದೊಡ್ಡಪ್ಪ ಅಲ್ಲಿ ಪ್ರೊಜೆಕ್ಟರ್ ನಡೆಸುವ ಆಪರೇಟರ್ ಆಗಿದ್ದವರು. ಅವರಿಗೆ ಬುತ್ತಿ ಒಯ್ಯುವ ನೆಪದಲ್ಲಿ ಪ್ರೊಜೆಕ್ಟರ್ ಇರುವ ಕ್ಯಾಬಿನ್ನಿನ ಕಬ್ಬಿಣದ ಮೆಟ್ಟಿಲು ಹತ್ತಿ ಇಳಿದು ಬೆಳೆದವಳು ನಾನು. ಟಾಕೀಸಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮಾಲೀಕರ ಮನೆಯವರು ಊರಲ್ಲೇ ಇದ್ದಾರೆ, ಜಾಗದ ಮಾತುಕತೆ ಇನ್ನೂ ಮುಗಿದಿಲ್ಲ.

ಮೊದಲು ಅದು ಟಾಕೀಸು ಅಲ್ಲ, ಟೆಂಟು. ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಅಲ್ಲಿಂದ ಎಷ್ಟೋ ವರ್ಷ, ಸಿಟಿಗಳನ್ನು ಬಿಟ್ಟರೆ ಬೇರೆ ಕಡೆ ಸಿನಿಮಾ ಅಂದರೆ ಟೂರಿಂಗ್ ಟಾಕೀಸೇ. ಮೇಲೆ ಟಾರ್ಪಾಲು, ಸುತ್ತ ತಟ್ಟಿ ಗೋಡೆ, ಪಕ್ಕದಲ್ಲಿ ಡೀಸೆಲ್ ಇಂಜಿನ್ನಿನ ಸದ್ದು. ಒಳಗೆ ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ. ನೆಲಕ್ಕೆ ಮರಳು ಹಾಕಿರುತ್ತಿದ್ದರು. ಮುಂದಿನವರ ತಲೆ ಅಡ್ಡ ಬಂದರೆ ಮರಳು ಗುಡ್ಡೆ ಮಾಡಿ ಎತ್ತರದಲ್ಲಿ ಕೂರುವುದು. ಹಿಂದೆ ಕೂತವರು ಇನ್ನೂ ಎತ್ತರಕ್ಕೆ ಗುಡ್ಡೆ ಮಾಡುವುದು. ಜಗಳ ಅಲ್ಲಿಂದಲೇ ಶುರು.

ಟೆಂಟಿನಲ್ಲಿ ಇರುತ್ತಿದ್ದದ್ದು ಒಂದೇ ಪ್ರೊಜೆಕ್ಟರ್. ಒಂದು ರೀಲು ಮುಗಿದರೆ ದೀಪ ಹಾಕಿ, ಇನ್ನೊಂದು ರೀಲು ಏರಿಸಿ, ಮತ್ತೆ ಶುರು ಮಾಡಬೇಕು. ಹಾಗಾಗಿ ಒಂದು ಆಟಕ್ಕೆ ಇಂಟರ್‌ವಲ್ ಒಂದಲ್ಲ, ನಾಲ್ಕೈದು. ಕಡಲೆಕಾಯಿ ಮಾರುವವರಿಗೆ ಹಬ್ಬ. ಆಟ ಶುರುವಾಗುವ ಮೊದಲು ಮೈಕಿನಲ್ಲಿ ದೇವರ ಹಾಡು ಹಾಕುತ್ತಿದ್ದರು. ಅದು ಹೊಲದಲ್ಲಿದ್ದವರಿಗೂ ಕೇಳುತ್ತಿತ್ತು. ಹಾಡು ಬದಲಾಯಿತು ಅಂದರೆ ಟಿಕೆಟ್ ಕೊಡಲು ಶುರು ಮಾಡಿದರು ಅಂತ ಅರ್ಥ. ಗಡಿಯಾರ ಇಲ್ಲದ ಮನೆಯವರು ಕೂಡ ಸರಿಯಾದ ಹೊತ್ತಿಗೆ ಬಂದು ನಿಲ್ಲುತ್ತಿದ್ದರಂತೆ.

ಟೂರಿಂಗ್ ಲೈಸೆನ್ಸು ಒಂದು ಅವಧಿಗೆ ಮಾತ್ರ. ಅವಧಿ ಮುಗಿದರೆ ಟೆಂಟು ಕಿತ್ತು ಬೇರೆ ಊರಿಗೆ ಹೋಗಬೇಕು. ದಾವಣಗೆರೆಯಂಥ ಊರಲ್ಲಿ ಕಿತ್ತುಕೊಂಡು ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಆಗ ಇದು ಕರ್ನಾಟಕದ ಮ್ಯಾಂಚೆಸ್ಟರ್. ಮಿಲ್ಲುಗಳು ಮೂರು ಪಾಳಿಯಲ್ಲಿ ಓಡುತ್ತಿದ್ದವು. ಮಧ್ಯಾಹ್ನ ಪಾಳಿ ಬಿಟ್ಟವರು ಸಂಜೆ ಫಸ್ಟ್ ಶೋಗೆ ಬರುತ್ತಾರೆ, ರಾತ್ರಿ ಪಾಳಿಯವರು ನಿದ್ದೆ ಮುಗಿಸಿ ಮ್ಯಾಟ್ನಿಗೆ ಬರುತ್ತಾರೆ. ಸಂಬಳದ ವಾರ ಬಂತೆಂದರೆ ಸೆಕೆಂಡ್ ಶೋ ಕೂಡ ತುಂಬುತ್ತದೆ. ಮಾಲೀಕರು ಲೆಕ್ಕ ಹಾಕಿ, ಸಾಲ ಮಾಡಿ ಪರ್ಮನೆಂಟ್ ಕಟ್ಟಡಕ್ಕೆ ಕೈ ಹಾಕಿದರು.

ಪರ್ಮನೆಂಟ್ ಅಂದರೆ ಸುಮ್ನೆ ಗೋಡೆ ಕಟ್ಟಿ ಸೀಟು ಹಾಕುವುದಲ್ಲ. 1964ರಲ್ಲಿ ನಮ್ಮ ರಾಜ್ಯದ ಸಿನಿಮಾ ನಿಯಂತ್ರಣ ಕಾಯ್ದೆ ಬಂತು. ಲೈಸೆನ್ಸು ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದ್ದು. ಎಷ್ಟು ಬಾಗಿಲು, ಬಾಗಿಲು ಯಾವ ಕಡೆಗೆ ತೆರೆಯಬೇಕು, ಸಾಲುಗಳ ನಡುವೆ ಎಷ್ಟು ಜಾಗ, ಎಲ್ಲಕ್ಕೂ ನಿಯಮ. ಬಾಗಿಲ ಪಕ್ಕ ಮರಳು ತುಂಬಿದ ಕೆಂಪು ಬಕೆಟ್ ಸಾಲಾಗಿ ನೇತು ಹಾಕಿರುತ್ತಿದ್ದರಲ್ಲ, ಅದು ಅಲಂಕಾರಕ್ಕಲ್ಲ. ಹಳೇ ಕಾಲದ ನೈಟ್ರೇಟ್ ಫಿಲಂಗೆ ಬೆಂಕಿ ತಗುಲಿದರೆ ಆರಿಸುವುದು ಅಸಾಧ್ಯವಾಗಿತ್ತು. 1950ರ ದಶಕದ ಹೊತ್ತಿಗೆ ಸುಲಭವಾಗಿ ಉರಿಯದ ಫಿಲಂ ಬಂತು. ಆದರೂ ಆ ಭಯದಲ್ಲಿ ಹುಟ್ಟಿದ ಕಟ್ಟುಪಾಡು ಹಾಗೇ ಉಳಿಯಿತು. ಅದಕ್ಕೇ ಕ್ಯಾಬಿನ್ನಿಗೆ ದಪ್ಪ ಗೋಡೆ, ಕಬ್ಬಿಣದ ಬಾಗಿಲು, ಹಾಲ್ ಕಡೆಗೆ ತೆರೆಯುವ ಕಿಂಡಿಗಳಿಗೆ ಕೆಳಗೆ ಬೀಳುವ ತಗಡಿನ ಮುಚ್ಚಳ. ಒಳಗೆ ಬೆಂಕಿ ಬಿದ್ದರೆ ಕ್ಯಾಬಿನ್ ಒಂದೇ ಸುಡಬೇಕು, ಜನರಿಗೆ ಏನೂ ಆಗಬಾರದು ಅನ್ನುವುದು ಆ ವಿನ್ಯಾಸದ ಲೆಕ್ಕ. ಕ್ಯಾಬಿನ್ನಿನಲ್ಲಿ ಇದ್ದವರ ಪಾಡು? ದೊಡ್ಡಮ್ಮ ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದ್ದರು. ದೊಡ್ಡಪ್ಪ ಉತ್ತರ ಕೊಡುತ್ತಿರಲಿಲ್ಲ.

ಆ ಕ್ಯಾಬಿನ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಸಿನಿಮಾ ನೋಡಿದವರು ಲಕ್ಷಾಂತರ ಜನ. ಅದು ಪರದೆ ಮೇಲೆ ಹೇಗೆ ಬೀಳುತ್ತದೆ ಅಂತ ಕಂಡವರು ಕಡಿಮೆ.

ಎರಡು ಪ್ರೊಜೆಕ್ಟರ್ ಅಕ್ಕಪಕ್ಕ. ಒಂದೊಂದೂ ಆಳೆತ್ತರ. ಬೆಳಕು ಬರುತ್ತಿದ್ದದ್ದು ಬಲ್ಬಿನಿಂದ ಅಲ್ಲ, ಕಾರ್ಬನ್‌ನಿಂದ. ತಾಮ್ರದ ಲೇಪ ಇರುವ ಎರಡು ಕಾರ್ಬನ್ ಕಡ್ಡಿ, ಒಂದು ಪಾಸಿಟಿವ್, ಒಂದು ನೆಗೆಟಿವ್. ಎರಡರ ತುದಿಯನ್ನೂ ಒಮ್ಮೆ ಮುಟ್ಟಿಸಿ ಸರಕ್ಕನೆ ಹಿಂದಕ್ಕೆ ಎಳೆಯಬೇಕು. ನಡುವೆ ಕಣ್ಣು ಕುಕ್ಕುವ ಬೆಳಕು ಹೊತ್ತಿಕೊಳ್ಳುತ್ತದೆ. ಬರಿಗಣ್ಣಲ್ಲಿ ನೋಡುವ ಹಾಗಿಲ್ಲ, ಕಪ್ಪು ಗಾಜಿನ ಕಿಂಡಿಯಲ್ಲೇ ನೋಡಬೇಕು. ಹಿಂದೆ ಇರುವ ಬಾಗಿದ ಕನ್ನಡಿ ಆ ಬೆಳಕನ್ನು ಒಟ್ಟು ಮಾಡಿ ಫಿಲಂ ಮೇಲೆ ಬಿಡುತ್ತದೆ. ಹೊಗೆ ಹೋಗಲು ಮೇಲೆ ಚಿಮಣಿ. ಕಡ್ಡಿ ಉರಿಯುತ್ತಾ ಸವೆಯುತ್ತದೆ. ಸವೆದ ಹಾಗೆ ತುದಿಗಳ ನಡುವಿನ ಅಂತರ ಜಾಸ್ತಿ ಆಗುತ್ತದೆ, ಬೆಳಕು ಹಳದಿಗೆ ತಿರುಗುತ್ತದೆ, ಆಮೇಲೆ ನಡುಗುತ್ತದೆ. ಆಗ ಪರದೆ ಹತ್ತಿರದ ಅಗ್ಗದ ಗಾಂಧಿ ಕ್ಲಾಸಿನಿಂದ ಶಿಳ್ಳೆ. ದೊಡ್ಡಪ್ಪ ಶಿಳ್ಳೆ ಬರುವ ಮೊದಲೇ ಗುಬಟೆ ತಿರುಗಿಸಿ ಅಂತರ ಸರಿ ಮಾಡುತ್ತಿದ್ದರು. ಮಾತಾಡುತ್ತಾ, ರೊಟ್ಟಿ ತಿನ್ನುತ್ತಾ ಇದ್ದರೂ ಎಡಗೈ ಮಾತ್ರ ಆ ಗುಬಟೆಯ ಹತ್ತಿರವೇ ಇರುತ್ತಿತ್ತು.

35 ಎಂಎಂ ಫಿಲಂ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಸಿನಿಮಾ ಅಂದರೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ಉದ್ದದ ಫಿಲಂ ಆ ಪುಟ್ಟ ಗೇಟಿನಲ್ಲಿ ಹಾದು ಹೋಗಬೇಕು. ಅದೂ ಸರಾಗವಾಗಿ ಅಲ್ಲ. ಒಂದೊಂದು ಫ್ರೇಮೂ ಬಂದು, ನಿಂತು, ಮುಂದೆ ಹೋಗಬೇಕು. ನಿಂತಾಗ ಮಾತ್ರ ಬೆಳಕು ಬೀಳಬೇಕು. ಪ್ರೊಜೆಕ್ಟರಿನ ಟಕಟಕ ಸದ್ದು ಅದರದ್ದೇ. ಧ್ವನಿಯ ಕಥೆ ಬೇರೆ. ಚಿತ್ರದ ಪಕ್ಕದಲ್ಲೇ ಸಣ್ಣ ಗೆರೆಯ ರೂಪದಲ್ಲಿ ಧ್ವನಿ ಇರುತ್ತದೆ, ಆದರೆ ಅದೇ ಚಿತ್ರದ ಪಕ್ಕದಲ್ಲಲ್ಲ, 20 ಫ್ರೇಮ್ ಮುಂದೆ. ಚಿತ್ರ ಗೇಟಿನಲ್ಲಿ ನಿಂತು ನಿಂತು ಹೋಗುತ್ತದೆ, ಧ್ವನಿ ಮಾತ್ರ ನಿಲ್ಲದೆ ಹರಿಯಬೇಕು. ಅದಕ್ಕೆ ನಡುವೆ ಫಿಲಂ ಅನ್ನು ಸಡಿಲವಾಗಿ ಕಮಾನಿನ ಹಾಗೆ ಬಿಡುತ್ತಾರೆ. ಆ ಕಮಾನಿನ ಅಳತೆ ತಪ್ಪಿದರೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ದೊಡ್ಡಪ್ಪ ಅಳತೆ ನೋಡಲು ಬೆರಳು ಇಟ್ಟು ನೋಡುತ್ತಿದ್ದರು, ಅಷ್ಟೇ.

ಒಂದು ದೊಡ್ಡ ರೀಲು 2,000 ಅಡಿ, 22 ನಿಮಿಷದಷ್ಟು. ಅದು ಮುಗಿಯುವ ಹೊತ್ತಿಗೆ ಪಕ್ಕದ ಪ್ರೊಜೆಕ್ಟರ್ ರೆಡಿ ಇರಬೇಕು. ಯಾವಾಗ ಬದಲಿಸುವುದು? ಪರದೆಯ ಬಲಗಡೆ ಮೇಲಿನ ಮೂಲೆ ನೋಡಬೇಕು. ರೀಲು ಮುಗಿಯಲು ಸುಮಾರು 8 ಸೆಕೆಂಡ್ ಇರುವಾಗ ಅಲ್ಲಿ ಒಂದು ಪುಟ್ಟ ಚುಕ್ಕೆ ಮಿಂಚುತ್ತದೆ. ಆಗ ಎರಡನೇ ಮಷಿನ್ನಿನ ಮೋಟಾರ್ ಹಾಕಬೇಕು. ಇನ್ನೊಂದು ಚುಕ್ಕೆ ಬಂದಾಗ ಇಲ್ಲಿನ ಬೆಳಕು ಮುಚ್ಚಿ ಅಲ್ಲಿನದು ತೆರೆಯಬೇಕು. ಚುಕ್ಕೆ ಇರುವುದು ನಾಲ್ಕು ಫ್ರೇಮ್ ಮಾತ್ರ. ರೆಪ್ಪೆ ಬಡಿದರೆ ಹೋಯಿತು. ನನಗೆ ಆ ಚುಕ್ಕೆ ತೋರಿಸಿಕೊಟ್ಟ ಮೇಲೆ ನಾನು ಎಷ್ಟೋ ವರ್ಷ ಸಿನಿಮಾವನ್ನು ಆ ಮೂಲೆಯ ಮೇಲೆ ಒಂದು ಕಣ್ಣಿಟ್ಟೇ ನೋಡಿದೆ. ಹೀರೊ ಸಾಯುತ್ತಿದ್ದರೂ ಸರಿ, ಚುಕ್ಕೆ ಬಂತಾ ಅಂತ ನೋಡುವುದು.

ಫಿಲಂ ತುಂಡಾದರೆ? ಬ್ಲೇಡಿನಲ್ಲಿ ತುದಿಯ ಲೇಪ ಕೆರೆದು, ಫಿಲಂ ಸಿಮೆಂಟ್ ಹಚ್ಚಿ, ಒತ್ತಿ ಹಿಡಿದು ಅಂಟಿಸಬೇಕು. ಪ್ರತಿ ಸಲವೂ ಒಂದೆರಡು ಫ್ರೇಮ್ ನಷ್ಟ. ಕತ್ತರಿಸಿ ಬಿದ್ದ ತುಂಡುಗಳಿಗೆ ಕ್ಯಾಬಿನ್ನಿನ ಕೆಳಗೆ ಹುಡುಗರ ದಂಡೇ ಕಾಯುತ್ತಿತ್ತು. ಒಂದು ಫ್ರೇಮಿನಲ್ಲಿ ಹೀರೊ ಮುಖ ಇದ್ದರೆ ಅದಕ್ಕೆ ಹತ್ತು ಗೋಲಿ. ನೀರು ತುಂಬಿದ ಹಳೇ ಬಲ್ಬು ಲೆನ್ಸು, ಬಿಸಿಲಿಗೆ ಹಿಡಿದ ಕನ್ನಡಿ ಬೆಳಕು, ಗೋಡೆಗೆ ಅಪ್ಪನ ಬಿಳಿ ಪಂಚೆ. ಮಿಲ್ ಲೈನಿನ ಮನೆಗಳಲ್ಲಿ ಇಂಥ ಸಿನಿಮಾ ಎಷ್ಟು ನಡೆದವೋ!

ಈಗ ಸರದಿಯ ವಿಷಯಕ್ಕೆ ಬರುತ್ತೇನೆ.

ಸಿನಿಮಾ ಪ್ರಿಂಟ್, ಅಂದರೆ ಟಾಕೀಸಿಗೆ ಕಳಿಸುವ ಫಿಲಂ ಪ್ರತಿ, ಬಹಳ ದುಬಾರಿ ವಸ್ತು. ಒಂದೊಂದು ಚಿತ್ರಕ್ಕೂ ಲೆಕ್ಕ ಹಾಕಿ ಕೆಲವೇ ಪ್ರಿಂಟ್ ತೆಗೆಸುತ್ತಿದ್ದರು. ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರು ರಾಜ್ಯವನ್ನು ಏರಿಯಾಗಳಾಗಿ ಹಂಚಿಕೊಂಡಿದ್ದರು. ಬಿಕೆಟಿ ಅಂದರೆ ಬೆಂಗಳೂರು, ಕೋಲಾರ, ತುಮಕೂರು. ಎಂಎಂಸಿಎಚ್ ಅಂದರೆ ಮೈಸೂರು, ಮಂಡ್ಯ, ಕೊಡಗು, ಹಾಸನ. ನಮ್ಮದು ಶಿವಮೊಗ್ಗ–ಚಿತ್ರದುರ್ಗ ಏರಿಯಾ. 1997ರ ಆಗಸ್ಟ್ 15ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತಲ್ಲ. ಜಿಲ್ಲೆ ಬೇರೆ ಆದ ಮೇಲೂ ಗಾಂಧಿನಗರದ ಲೆಕ್ಕದಲ್ಲಿ ಏರಿಯಾ ಬದಲಾಗಲಿಲ್ಲ.

ಹೊಸ ಚಿತ್ರ ಮೊದಲು ಬರುತ್ತಿದ್ದದ್ದು ಊರಿನ ದೊಡ್ಡ ಥಿಯೇಟರುಗಳಿಗೆ. ಅಲ್ಲಿ ಚೆನ್ನಾಗಿ ಓಡಿದರೆ ಐವತ್ತು ದಿನ, ನೂರು ದಿನ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಈ ಕಾಲದವರಿಗೆ ಇದು ನಂಬಲು ಕಷ್ಟ. ಆದರೆ ಇದರ ಹಿಂದೆ ಅಭಿಮಾನದ ಜೊತೆ ಇನ್ನೂ ಒಂದು ಕಾರಣ ಇದೆ. ಆ ಸಿನಿಮಾ ನೋಡಬೇಕೆಂದರೆ ಅದು ಇರುವ ಕಡೆಗೇ ಹೋಗಬೇಕಿತ್ತು. ಬೇರೆ ದಾರಿಯೇ ಇರಲಿಲ್ಲ.

ದೊಡ್ಡ ಥಿಯೇಟರಿನಿಂದ ಎತ್ತಿದ ಮೇಲೆ ಆ ಪ್ರಿಂಟ್ ನಮ್ಮಂಥ ಟಾಕೀಸಿಗೆ ಬರುತ್ತಿತ್ತು. ನಮ್ಮಲ್ಲಿ ಮುಗಿದರೆ ಹಳ್ಳಿಯ ಟೆಂಟಿಗೆ. ನಮ್ಮ ಪಾಲಿಗೆ ಬರುವ ಹೊತ್ತಿಗೆ ಪ್ರಿಂಟಿನ ಮೇಲೆ ಗೀರು ಬಿದ್ದು ಪರದೆ ತುಂಬಾ ಮಳೆ ಸುರಿಯುತ್ತಿತ್ತು. ಅಲ್ಲಲ್ಲಿ ಮಾತು ಹಾರುತ್ತಿತ್ತು. ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಟಿಕೆಟ್ ರೇಟು ಕಡಿಮೆ. ಮನೆಯಿಂದ ನಡೆದು ಬರಬಹುದು. ದೊಡ್ಡ ಥಿಯೇಟರಿಗೆ ಹೋಗಿ ಬರಲು ಬಸ್ಸಿಗೆ, ಆಟೋಗೆ ದುಡ್ಡು ಇಡಬೇಕು. ಮಿಲ್ ಲೈನಿನವರು ‘ತಡೀರಿ, ನಮ್ಮ ಟಾಕೀಸಿಗೇ ಬರ್ತದೆ’ ಅಂತ ಕಾಯುತ್ತಿದ್ದರು. ಕಾಯುವ ಜನ ಇದ್ದರು, ಅದಕ್ಕೇ ನಾವು ಇದ್ದೆವು. ಒಂದು ಸಲ ದೊಡ್ಡ ಥಿಯೇಟರಿನಲ್ಲಿ ನೋಡಿ ಬಂದವರೂ ಇಲ್ಲಿ ಹೆಂಡತಿ ಮಕ್ಕಳನ್ನು ಕರಕೊಂಡು ಇನ್ನೊಮ್ಮೆ ನೋಡುತ್ತಿದ್ದರು.

ರೀಲುಗಳ ಡಬ್ಬ ಬರುತ್ತಿದ್ದದ್ದು ರೈಲಿನಲ್ಲಿ ಇಲ್ಲವೇ ರಾತ್ರಿ ಬಸ್ಸಿನ ಮೇಲೆ. ಬಂದ ಕೂಡಲೇ ದೊಡ್ಡಪ್ಪ ಪ್ರತಿ ರೀಲನ್ನೂ ಕೈಯಲ್ಲಿ ಸುತ್ತುತ್ತಾ ಎರಡು ಬೆರಳ ನಡುವೆ ಅಂಚು ಸವರಿ ನೋಡುತ್ತಿದ್ದರು. ಹರಿದ ತೂತು, ಬಿಟ್ಟ ಅಂಟು, ಎಲ್ಲ ಬೆರಳಿಗೆ ಸಿಗುತ್ತಿತ್ತು. ಸಿಕ್ಕಿದ್ದನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಇಲ್ಲದಿದ್ದರೆ ಪ್ರಿಂಟ್ ವಾಪಸ್ ಹೋದಾಗ ಹಾಳು ಮಾಡಿದ್ದು ನೀವೇ ಅಂತ ನಮ್ಮ ತಲೆಗೆ ಕಟ್ಟುತ್ತಿದ್ದರು.

ಪ್ರಿಂಟ್ ಜೊತೆ ಹಂಚಿಕೆದಾರರ ರೆಪ್ರೆಸೆಂಟೇಟಿವ್ ಬರುತ್ತಿದ್ದ. ಎಲ್ಲರೂ ಅವನಿಗೆ ರೆಪ್ ಅನ್ನುವುದು. ಗೇಟಿನಲ್ಲಿ ನಿಂತು ತಲೆ ಎಣಿಸುವುದು, ರಾತ್ರಿ ಡಿಸಿಆರ್ ಬರೆಸಿ ಸಹಿ ಹಾಕಿಸಿಕೊಳ್ಳುವುದು ಅವನ ಕೆಲಸ. ಡಿಸಿಆರ್ ಅಂದರೆ ಆ ದಿನದ ಕಲೆಕ್ಷನ್ನಿನ ವರದಿ. ಯಾವ ಕ್ಲಾಸಿನಲ್ಲಿ ಎಷ್ಟು ಟಿಕೆಟ್, ಯಾವ ನಂಬರಿನಿಂದ ಯಾವ ನಂಬರಿನವರೆಗೆ, ತೆರಿಗೆ ಎಷ್ಟು, ಎಲ್ಲ ಅದರಲ್ಲಿ. ಟಿಕೆಟ್ ಪುಸ್ತಕಕ್ಕೂ ಮನರಂಜನಾ ತೆರಿಗೆಯ ಸೀಲು ಬೇಕಿತ್ತು. ತೆಳ್ಳನೆ ಬಣ್ಣದ ಕಾಗದ, ಬೆವರು ಕೈಯಲ್ಲಿ ಹಿಡಿದರೆ ಇಂಟರ್‌ವಲ್ ಹೊತ್ತಿಗೆ ಮುದ್ದೆ.

ಪ್ರಿಂಟ್ ಸಾಲದೇ ಇದ್ದಾಗ ಒಂದೇ ಪ್ರಿಂಟಿನಲ್ಲಿ ಎರಡು ಟಾಕೀಸು ನಡೆಸುತ್ತಿದ್ದರು. ಇನ್ನೊಂದು ಟಾಕೀಸಿನಲ್ಲಿ ಅರ್ಧ ಗಂಟೆ ಮೊದಲು ಆಟ ಶುರು. ಅಲ್ಲಿ ಮುಗಿದ ರೀಲನ್ನು ಸೈಕಲ್ ಹಿಂದೆ ಕಟ್ಟಿಕೊಂಡು ಹುಡುಗ ಇಲ್ಲಿಗೆ ತರಬೇಕು, ಇಲ್ಲಿಂದ ಹಳೇ ರೀಲು ತಗೊಂಡು ಓಡಬೇಕು. ದಾವಣಗೆರೆಯವರಿಗೆ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಗೊತ್ತಲ್ಲ? ಊರನ್ನು ಎರಡು ಭಾಗ ಮಾಡಿ ರೈಲು ಹಳಿ ಹೋಗಿದೆ. ಗೇಟು ಬಿದ್ದರೆ ಎಲ್ಲರೂ ನಿಲ್ಲಬೇಕಿತ್ತು. ಮೂರನೇ ರೀಲು ಹಿಡಿದುಕೊಂಡು ಹುಡುಗ ಆ ಕಡೆ, ಗೂಡ್ಸ್ ಗಾಡಿ ನಡುವೆ, ಇಲ್ಲಿ ಎರಡನೇ ರೀಲು ಮುಗಿಯುತ್ತಾ ಬಂದಿದೆ. ದೊಡ್ಡಪ್ಪ ಕಿಂಡಿಯಲ್ಲಿ ರಸ್ತೆ ನೋಡುವುದು, ಪರದೆ ನೋಡುವುದು, ಮತ್ತೆ ರಸ್ತೆ ನೋಡುವುದು. ಕೊನೆಗೆ ಬೇರೆ ದಾರಿ ಇಲ್ಲದೆ ಅಂಗಡಿಗಳ ಜಾಹೀರಾತಿನ ಗಾಜಿನ ಸ್ಲೈಡು ಹಾಕುತ್ತಿದ್ದರು. ಬಳೆ ಅಂಗಡಿ, ಕನ್ನಡಕದ ಅಂಗಡಿ, ‘ಧೂಮಪಾನ ಮಾಡಬಾರದು’, ಮತ್ತೆ ಬಳೆ ಅಂಗಡಿ. ಹುಡುಗ ಬೆವರು ಸುರಿಸುತ್ತಾ ಮೆಟ್ಟಿಲು ಹತ್ತಿದಾಗ ಅವನಿಗೆ ನೀರು ಕೊಡುವುದು ನನ್ನ ಕೆಲಸ. ಅವನು ಯಾವ ಸಿನಿಮಾವನ್ನೂ ಪೂರ್ತಿ ನೋಡಿದವನಲ್ಲ. ಎಲ್ಲ ಸಿನಿಮಾದ ಎಲ್ಲ ರೀಲನ್ನೂ ಹೊತ್ತವನು. ಟಾಕೀಸಿನ ಚರಿತ್ರೆ ಯಾರಾದರೂ ಬರೆದರೆ ಅವನಿಗೊಂದು ಪುಟ ಇರಲೇಬೇಕು ಅನ್ನುತ್ತೇನೆ.

ಹೆಂಗಸರ ಕಡೆಯದ್ದನ್ನೂ ಹೇಳಬೇಕು. ಗಂಡಸರು ಬರೆದ ನೆನಪುಗಳಲ್ಲಿ ಅದು ಸಿಗುವುದೇ ಇಲ್ಲ. ಲೇಡೀಸ್ ಕೌಂಟರ್ ಬೇರೆ, ಕೂರುವ ಜಾಗವೂ ಬೇರೆ. ನಡುವೆ ಮೋಟು ಗೋಡೆ. ಗಂಡಸರ ಕೌಂಟರಿನ ಕಬ್ಬಿಣದ ಪಂಜರದಲ್ಲಿ ಒಬ್ಬರ ಮೇಲೊಬ್ಬರು ಹತ್ತುತ್ತಿದ್ದರೆ, ನಮ್ಮ ಕೌಂಟರಿನಲ್ಲಿ ನೆಮ್ಮದಿಯಾಗಿ ಟಿಕೆಟ್ ಸಿಗುತ್ತಿತ್ತು. ‘ಅಕ್ಕಾರ, ಎರಡು ಟಿಕೆಟ್ ತಗೊಂಡು ಕೊಡ್ರಿ’ ಅಂತ ಗುರುತಿಲ್ಲದ ಹುಡುಗರೆಲ್ಲ ದೊಡ್ಡಮ್ಮನ ಹಿಂದೆ ಬೀಳುತ್ತಿದ್ದರು. ದೊಡ್ಡಮ್ಮ ಮುಖ ನೋಡಿ ಕೊಡಿಸುತ್ತಿದ್ದರು. ಮ್ಯಾಟ್ನಿ ಅಂದರೆ ಹೆಂಗಸರದ್ದೇ ಆಟ. ಬೆಳಗಿನ ಕೆಲಸ ಮುಗಿಸಿ, ಮಗು ಎತ್ತಿಕೊಂಡು, ಅಕ್ಕಪಕ್ಕದ ನಾಲ್ಕು ಮನೆಯವರು ಒಟ್ಟಿಗೆ ಹೊರಡುವುದು. ಅತ್ತೆಯ ಅಪ್ಪಣೆ, ಗಂಡನ ಅಪ್ಪಣೆ ಎಲ್ಲ ಕೇಳಿ ಹೋಗುವ ಜಾಗ ಆಗ ಮೂರೇ. ತವರು, ಗುಡಿ, ಟಾಕೀಸು. ದೂರದ ದೊಡ್ಡ ಥಿಯೇಟರಿಗೆ ಒಂಟಿಯಾಗಿ ಕಳಿಸದವರು ಬೀದಿ ಕೊನೆಯ ಟಾಕೀಸಿಗೆ ಬೇಡ ಅನ್ನುತ್ತಿರಲಿಲ್ಲ. ಗೇಟ್ ಕೀಪರ್ ಗುರುತಿನವನು, ಆಪರೇಟರ್ ಗುರುತಿನವನು, ಪಕ್ಕದಲ್ಲಿ ಕೂತವರೂ ನಮ್ಮವರೇ. ಆ ಟಾಕೀಸು ಹೋದಾಗ ನಮ್ಮ ಬೀದಿಯ ಎಷ್ಟೋ ಹೆಂಗಸರು ಸಿನಿಮಾ ನೋಡುವುದನ್ನೇ ಬಿಟ್ಟರು. ಟೀವಿ ಇತ್ತು, ನಿಜ. ಆದರೆ ಟೀವಿ ನೋಡುತ್ತಾ ಒಲೆ ಮೇಲಿನ ಸಾರನ್ನೂ ನೋಡಬೇಕು. ಟಾಕೀಸಿನಲ್ಲಿ ಆ ಎರಡೂವರೆ ಗಂಟೆ ಯಾರೂ ಅವರನ್ನು ಕರೆಯುತ್ತಿರಲಿಲ್ಲ.

ಟೀವಿ ಬಂದದ್ದರಿಂದ ಪೆಟ್ಟು ಬೀಳಲಿಲ್ಲ ಅಂತ ನಾನು ಹೇಳುತ್ತಿಲ್ಲ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದ ಮೇಲೆ ಭಾನುವಾರದ ಬೆಳಗಿನ ಆಟಕ್ಕೆ ಜನ ಇಲ್ಲ. ವಿಡಿಯೋ ಪಾರ್ಲರ್ ಬಂದವು. 1994ರಲ್ಲಿ ಉದಯ ಟೀವಿ ಬಂತು, ದಿನಾ ಸಿನಿಮಾ. ಅದೇ ಹೊತ್ತಿಗೆ ಮಿಲ್ಲುಗಳು ಒಂದೊಂದೇ ಮುಚ್ಚುತ್ತಾ ಹೋದವು. ಪಾಳಿಯ ಸೈರನ್ ನಿಂತಿತು. ಸೆಕೆಂಡ್ ಶೋ ಖಾಲಿ ಹೊಡೆಯತೊಡಗಿತು. ಆದರೂ ಮಾಲೀಕರು ನಡೆಸಿದರು. ಹೇಗೆ ಅಂದರೆ, ಹೊಸ ಸಿನಿಮಾ ಸಿಗದ ವಾರ ಹಳೇ ಪ್ರಿಂಟ್ ತರಿಸುತ್ತಿದ್ದರು. ಹೈರ್ ಲೆಕ್ಕ. ವಾರಕ್ಕೆ ಇಷ್ಟು ಅಂತ ಬಾಡಿಗೆ ಕೊಟ್ಟರೆ ಮುಗಿಯಿತು, ಬಂದ ದುಡ್ಡೆಲ್ಲ ಟಾಕೀಸಿನದ್ದು. ರಾಜ್‌ಕುಮಾರ್, ವಿಷ್ಣುವರ್ಧನ್, ಶಂಕರ್‌ನಾಗ್ ಹಳೇ ಚಿತ್ರಗಳಿಗೆ ಅವರದೇ ಜನ ಇದ್ದರು. ಆಟೋ ಚಾಲಕರು ಶಂಕರ್‌ನಾಗ್ ಚಿತ್ರ ಹಾಕಿದ್ದಾರೆ ಅಂದರೆ ಬಾಡಿಗೆ ಬಿಟ್ಟು ಬರುತ್ತಿದ್ದರು. ಇವೆರಡೇ ನಮ್ಮ ಟಾಕೀಸಿನ ಕಾಲುಗಳು. ತಡವಾಗಿ ಬರುವ ಹೊಸ ಚಿತ್ರ, ಕಡಿಮೆ ಬಾಡಿಗೆಯ ಹಳೇ ಚಿತ್ರ.

2005ರಿಂದ ಈಚೆಗೆ ಕ್ಯೂಬ್, ಯುಎಫ್ಒ ಅಂತ ಡಿಜಿಟಲ್ ಕಂಪನಿಗಳು ಬಂದವು. ಡಬ್ಬ ಬೇಡ, ರೀಲು ಬೇಡ. ಹಾರ್ಡ್ ಡಿಸ್ಕಿನಲ್ಲಿ ಅಥವಾ ಸ್ಯಾಟಲೈಟಿನಿಂದ ಸಿನಿಮಾ ನೇರ ಬರುತ್ತದೆ. ಮೊದಮೊದಲು ನಮ್ಮ ಕಡೆಯವರೆಲ್ಲ ಖುಷಿಪಟ್ಟರು. ಇನ್ನು ಬೆಂಗಳೂರಿನವರ ಜೊತೆ ನಾವೂ ಶುಕ್ರವಾರವೇ ಹೊಸ ಸಿನಿಮಾ ಹಾಕಬಹುದು ಅಂತ. ಪರದೆ ಮೇಲೆ ಮಳೆ ಇಲ್ಲ, ಸ್ವಚ್ಛ ಚಿತ್ರ.

ದೊಡ್ಡಪ್ಪ ಬಿಡಿಸಿ ಹೇಳಿದ ಲೆಕ್ಕ ಇದು. ಒಂದೇ ಶುಕ್ರವಾರ ಊರಿನ ನಾಲ್ಕೈದು ಕಡೆ ಅದೇ ಸಿನಿಮಾ. ಎಸಿ ಇರುವ, ಒಳ್ಳೆ ಸೀಟಿರುವ ಕಡೆಗೆ ಜನ ಹೋಗುತ್ತಾರೆ. ಮೊದಲ ಮೂರು ದಿನದಲ್ಲಿ ಊರಿಗೆ ಊರೇ ನೋಡಿ ಮುಗಿಸುತ್ತದೆ. ಎರಡನೇ ವಾರ ಆ ಸಿನಿಮಾ ಹಳೇದು. ಹಂಚಿಕೆದಾರರಿಗೂ ಈಗ ಬೇಕಾದದ್ದು ಮೊದಲ ವಾರದ ದುಡ್ಡು. ಅಡ್ವಾನ್ಸ್ ಜಾಸ್ತಿ ಕೇಳುತ್ತಾರೆ. ಡಿಜಿಟಲ್ ಮಷಿನ್ನಿಗೆ ಬೇರೆ ಖರ್ಚು. ನಮ್ಮ ಸರದಿಗೆ ಅಂತ ಉಳಿಯುವುದು ಏನೂ ಇಲ್ಲ, ಯಾಕೆಂದರೆ ಸರದಿಯೇ ಇಲ್ಲ. ಹಿಂದೆ ನಾವು ದೊಡ್ಡ ಥಿಯೇಟರಿನ ಜೊತೆ ಪೈಪೋಟಿಗೆ ಇಳಿದವರೇ ಅಲ್ಲ. ಅವರದು ಮುಗಿದ ಮೇಲೆ ನಮ್ಮದು. ಈಗ ಒಂದೇ ದಿನ, ಒಂದೇ ಗಂಟೆಗೆ ಅವರ ಎದುರು ನಿಲ್ಲಿಸಿದರು.

ಎರಡನೇ ಕಾಲೂ ಆಗಲೇ ಮುರಿಯಿತು. ಎಲ್ಲ ಡಿಜಿಟಲ್ ಆದ ಮೇಲೆ ಪ್ರಿಂಟ್ ತೆಗೆಯುವ ಲ್ಯಾಬುಗಳು ಮುಚ್ಚಿದವು. 2012ರಲ್ಲಿ ಫಿಲಂ ತಯಾರಿಸುವ ಕೊಡಾಕ್ ಕಂಪನಿ ದಿವಾಳಿ ಅರ್ಜಿ ಹಾಕಿತು, 2013ರಲ್ಲಿ ಫ್ಯೂಜಿ ಸಿನಿಮಾ ಫಿಲಂ ತಯಾರಿಸುವುದನ್ನು ನಿಲ್ಲಿಸಿತು. ಹಳೇ ಪ್ರಿಂಟುಗಳು ಸವೆದು ಹೋದರೆ ಹೊಸದು ತೆಗೆಸುವವರು ಯಾರೂ ಇಲ್ಲ. ಹಳೇ ಕನ್ನಡ ಚಿತ್ರಗಳಲ್ಲಿ ಡಿಜಿಟಲ್ ಆಗಿದ್ದು ಕೆಲವೇ. ಮಾರ್ನಿಂಗ್ ಶೋಗೆ ಹಾಕಲು ನಮ್ಮ ಹತ್ತಿರ ಏನೂ ಉಳಿಯಲಿಲ್ಲ.

ಇದರಲ್ಲಿ ಯಾರದ್ದೂ ದುರುದ್ದೇಶ ಇತ್ತು ಅಂತ ನಾನು ಹೇಳುವುದಿಲ್ಲ. ನಿರ್ಮಾಪಕರಿಗೆ ಪ್ರಿಂಟಿನ ಖರ್ಚು ಉಳಿಯಿತು, ಪೈರಸಿ ಸಿಡಿ ಬರುವ ಮೊದಲೇ ದುಡ್ಡು ಕೈಗೆ ಬರುವಂತಾಯಿತು. ದೂರದ ಊರಿನವರಿಗೆ ಮೊದಲ ದಿನವೇ ಸಿನಿಮಾ ಸಿಕ್ಕಿತು. ಇವೆಲ್ಲ ಒಳ್ಳೇದೇ. ಆದರೆ ಕಾಯುವ ಜನರನ್ನು ನಂಬಿಕೊಂಡು ಬದುಕಿದ್ದ ಒಂದು ಇಡೀ ವ್ಯವಸ್ಥೆ ಇತ್ತು, ಅದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ನನಗೆ ನೋವು ಇರುವುದು ಅಲ್ಲಿ.

2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ರಾಜ್ಯದ ಚಿತ್ರಮಂದಿರಗಳೆಲ್ಲ ಮುಚ್ಚಿದವು. ಅಕ್ಟೋಬರ್ 15ರಿಂದ ಅರ್ಧ ಸೀಟು ತುಂಬಿಸಿ ನಡೆ‍ಸಬಹುದು ಅಂತ ಅನುಮತಿ ಸಿಕ್ಕಿತು. ನಮ್ಮ ಟಾಕೀಸಿನ ಗೇಟು ಮತ್ತೆ ತೆರೆಯಲಿಲ್ಲ. ಸೀಟುಗಳನ್ನು ಯಾರೋ ಕೊಂಡುಕೊಂಡು ಹೋದರು. ಪ್ರೊಜೆಕ್ಟರ್ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ದೊಡ್ಡಪ್ಪ ಅಷ್ಟು ಹೊತ್ತಿಗಾಗಲೇ ಕೆಲಸ ಬಿಟ್ಟು ಬಹಳ ವರ್ಷ ಆಗಿತ್ತು. ಮಷಿನ್ ಬಿಚ್ಚುವ ದಿನ ಅವರನ್ನು ಕರೆದಿದ್ದರು, ಹೋಗಿ ಎರಡೂ ಲೆನ್ಸು ಬಿಡಿಸಿಕೊಟ್ಟು ಬಂದರು. ಬೇರೆಯವರು ಬಿಚ್ಚಿದರೆ ಗೀರು ಬೀಳುತ್ತದೆ ಅನ್ನುವುದು ಅವರ ಕಾಳಜಿ.

ಅವರ ರಿಜಿಸ್ಟರುಗಳು ಮಾತ್ರ ಮನೆಯಲ್ಲಿವೆ. ಟ್ರಂಕಿನಲ್ಲಿ, ದೊಡ್ಡಮ್ಮನ ಹಳೇ ಸೀರೆಗಳ ಕೆಳಗೆ. ಈಗ ಅದನ್ನು ಒಂದೊಂದೇ ಪುಟ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಒಂದೊಂದು ಸಾಲಿನಲ್ಲೂ ಚಿತ್ರದ ಹೆಸರು, ಡಬ್ಬ ಬಂದ ತಾರೀಕು, ಯಾವ ಊರಿನಿಂದ ಬಂತು, ಎಷ್ಟು ರೀಲು, ಯಾವ ರೀಲಿನಲ್ಲಿ ಎಷ್ಟು ಅಂಟು, ಎಷ್ಟು ದಿನ ಓಡಿತು, ಮುಂದೆ ಯಾವ ಊರಿಗೆ ಹೋಯಿತು ಅಂತ ಇದೆ. ಹರಿಹರ, ಹರಪನಹಳ್ಳಿ, ಜಗಳೂರು, ಚನ್ನಗಿರಿ. ಒಂದು ಪ್ರಿಂಟ್ ಊರಿಂದ ಊರಿಗೆ ನಡೆದ ದಾರಿ ಅದರಲ್ಲಿ ಕಾಣುತ್ತದೆ. ಬೇರೆ ಊರಿನ ಟಾಕೀಸುಗಳ ಇಂಥ ಪುಸ್ತಕ ಸಿಕ್ಕರೆ ಎರಡನ್ನೂ ಜೋಡಿಸಿ, ಒಂದು ಕನ್ನಡ ಸಿನಿಮಾ ಗಾಂಧಿನಗರದಿಂದ ಹೊರಟು ಕೊನೆಯ ಟೆಂಟು ಮುಟ್ಟಲು ಎಷ್ಟು ತಿಂಗಳು ತಗೊಳ್ಳುತ್ತಿತ್ತು ಅಂತ ನಿಖರವಾಗಿ ಹೇಳಬಹುದು. ನಿಮ್ಮ ಮನೆಯಲ್ಲಿ ಯಾರಾದರೂ ಟಾಕೀಸಿನಲ್ಲಿ ಕೆಲಸ ಮಾಡಿದ್ದರೆ, ಡಿಸಿಆರ್ ಪುಸ್ತಕವೋ ಆಪರೇಟರ್ ರಿಜಿಸ್ಟರೋ ಜಟಕಾ ಗಾಡಿಯಲ್ಲಿ ಹಂಚುತ್ತಿದ್ದ ಬಣ್ಣದ ನೋಟಿಸೋ ಇದ್ದರೆ, ದಯವಿಟ್ಟು ಹಳೇ ಪೇಪರಿನವರಿಗೆ ಹಾಕಬೇಡಿ. ಮೊದಲು ಪುಟಗಳ ಫೋಟೊ ತೆಗೆದಿಡಿ. ಯಾವ ಊರಿನ, ಯಾವ ಟಾಕೀಸಿನ ಪುಸ್ತಕ ಅಂತ ಮೊದಲ ಪುಟದಲ್ಲಿ ಬರೆದಿಡಿ.